ಮುರಕಲ್ಲಿನ ಜಾಗಕ್ಕೆ ಯಾವ ಹೆಗ್ಗೆಣಸು?

(ಕರಾವಳಿ ಮತ್ತು ಮಲೆನಾಡಿನ ಗೆಡ್ಡೆ-ಗೆಣಸು ಬೆಳೆಗಾರರ ಒಂದು ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಮುರಕಲ್ಲು ಅಂದರೆ ಜಂಬಿಟ್ಟಿಗೆ ಕಲ್ಲು. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. ನನ್ನ ಮಾತು ಮುಗಿದ ಮೇಲೇ ಊಟ ಅಂತ ಹೇಳಿಬಿಟ್ಟಿದ್ದಾರೆ. ಹಾಗಾಗಿ ಪೀಠಿಕೆ ಬೇಡ.

ಇಲ್ಲಿಗೆ ಬಂದಾಗಿನಿಂದ ಹಲವರು ಒಂದೇ ಪ್ರಶ್ನೆ ಕೇಳಿದರು. "ನಮ್ಮದು ಮುರಕಲ್ಲಿನ ಗುಡ್ಡೆ. ಗೇರು ಬಿಟ್ಟರೆ ಬೇರೇನೂ ಬರುವುದಿಲ್ಲ. ಅಲ್ಲಿ ಹೆಗ್ಗೆಣಸು ಹಾಕಬಹುದಾ?" ಹಾಕಬಹುದು. ಆದರೆ ಆ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಅಡಗಿದೆ. ಗೆಡ್ಡೆ-ಗೆಣಸು ಎಲ್ಲಿ ಹಾಕಿದರೂ ಬರುತ್ತದೆ, ಗೊಬ್ಬರ ಬೇಡ, ನೋಡಿಕೊಳ್ಳುವುದೂ ಬೇಡ ಅಂತ. ಮರಗೆಣಸಿಗೆ ಈ ಮಾತು ಸ್ವಲ್ಪ ಮಟ್ಟಿಗೆ ನಿಜ. ಹೆಗ್ಗೆಣಸಿಗೆ ಅಲ್ಲ. ಅದು ಒಳ್ಳೆಯ ಮಣ್ಣು ಬೇಡುವ ಬೆಳೆ. ಬಡ ಮಣ್ಣಿಗೆ ಅದನ್ನು ಒಗ್ಗಿಸಬಹುದು, ಆದರೆ ಗೊಬ್ಬರದ ಚೀಲದಿಂದ ಶುರು ಮಾಡಿದರೆ ಆಗುವುದಿಲ್ಲ. ತಳಿ, ಬೀಜದ ತುಂಡು, ಗುಂಡಿ, ಇವು ಮೂರು ಮೊದಲು. ಗೊಬ್ಬರ ಆಮೇಲೆ. ಇವತ್ತು ನಾನು ಹೇಳುವುದು ಇಷ್ಟೇ, ಉಳಿದದ್ದು ಇದರ ವಿವರ.

ಯಾವ ಗೆಣಸಿನ ಮಾತು ಅಂತಲೂ ಹೇಳಿಬಿಡುತ್ತೇನೆ. ಸಿಹಿಗೆಣಸು ಅಲ್ಲ. ಸುವರ್ಣಗಡ್ಡೆಯೂ ಅಲ್ಲ. ಅದನ್ನು ಯಾಮ್ ಅಂತ ಕರೆಯುವವರಿದ್ದಾರೆ, ಆದರೆ ಅದು ಕೆಸುವಿನ ಬಳಗ. ನಾನು ಹೇಳುತ್ತಿರುವುದು ಮರಕ್ಕೆ ಹಬ್ಬುವ ಬಳ್ಳಿಯ ಗೆಣಸು, ಡಯೋಸ್ಕೋರಿಯಾ ಕುಲದ್ದು. ಇಂಗ್ಲಿಷಿನಲ್ಲಿ ನಿಜವಾದ ಯಾಮ್ ಅಂದರೆ ಇದೇ. ಈ ಕುಲದಲ್ಲಿ ಸುಮಾರು 600 ಜಾತಿಗಳಿವೆ. ಜನ ಬೆಳೆದು ತಿನ್ನುವುದು ಹತ್ತರ ಆಸುಪಾಸು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ನಾಗರಹೊಳೆ ಸುತ್ತಿನ ಜೇನುಕುರುಬರು ಕಾಡಿನಿಂದ ಅಗೆದು ತರುವ ಗೆಣಸುಗಳಲ್ಲೂ ಈ ಕುಲದವು ಹಲವು. ಅವುಗಳದ್ದೇ ಒಂದು ದಿನದ ಮಾತಾಗುತ್ತದೆ, ಇವತ್ತು ಬಿಟ್ಟುಬಿಡೋಣ.

ನಮಗೆ ಬೇಕಾದವು ಮೂರು. ಮೊದಲನೆಯದು ಹೆಗ್ಗೆಣಸು, ಕೆಲವೆಡೆ ತೂಣಗೆಣಸು. ಕೇರಳದವರ ಕಾಚಿಲ್, ಜೋಯಿಡಾದ ಕುಣಬಿಗಳ ಕೋನ್ ಇದೇ. ಬಳ್ಳಿಯನ್ನು ಬೆರಳಿನಲ್ಲಿ ಉರುಳಿಸಿ ನೋಡಿದರೆ ಗೊತ್ತಾಗುತ್ತದೆ: ನಾಲ್ಕು ಮೂಲೆ, ಮೂಲೆಗೊಂದು ತೆಳು ರೆಕ್ಕೆ. ಒಳಗೆ ಬಿಳಿ, ಕೆನೆ, ನೇರಳೆ ಎಲ್ಲ ಬಣ್ಣವೂ ಇದೆ. ಎರಡನೆಯದು ಚಿಕ್ಕ ಗೆಡ್ಡೆಗಳ ಗೊಂಚಲು ಬಿಡುವ ಮುಳ್ಳುಬಳ್ಳಿ. ಕೇರಳದಲ್ಲಿ ಚೆರುಕಿಳಂಗು, ಗೋವಾ ಕಡೆ ಕಾಟೆ ಕಣಗಾ. ಇವತ್ತಿಗೆ ಅದನ್ನು ಮುಳ್ಳುಗೆಣಸು ಅನ್ನೋಣ. ಮೂರನೆಯದು ಆಫ್ರಿಕಾದಿಂದ ಬಂದ ಬಿಳಿ ಯಾಮ್. ದುಂಡು ಬಳ್ಳಿ, ರೆಕ್ಕೆ ಇಲ್ಲ, ಒಳಗೆ ಬಿಳಿ, ಗಟ್ಟಿ ಹಿಟ್ಟು.

ಈಗ ಒಂದು ನಿಮಿಷ ಆಫ್ರಿಕಾಕ್ಕೆ ಹೋಗಿ ಬರೋಣ. ಜಗತ್ತಿನಲ್ಲಿ ಬೆಳೆಯುವ ಯಾಮ್‌ನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಶ್ಚಿಮ ಆಫ್ರಿಕಾದ್ದು. ನೈಜೀರಿಯಾ, ಘಾನಾ, ಐವರಿ ಕೋಸ್ಟ್, ಬೆನಿನ್, ಟೋಗೊ. ನೈಜೀರಿಯಾ ಒಂದೇ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಬೆಳೆಯುತ್ತದೆ. ಅಲ್ಲಿನ ಇಗ್ಬೊ ಜನ ವರ್ಷದ ಮೊದಲ ಯಾಮ್‌ಗೆ ಹಬ್ಬ ಮಾಡಿ, ಆಮೇಲೇ ಬಾಯಿಗಿಡುತ್ತಾರೆ.

ಆ ರೈತರು ಯಾಮ್ ಅನ್ನು ಎಲ್ಲಿ ಹಾಕುತ್ತಿದ್ದರು ಗೊತ್ತಾ? ಕಾಡು ಕಡಿದ ಜಾಗದಲ್ಲಿ, ಇಲ್ಲವೇ ವರ್ಷಗಟ್ಟಲೆ ಪಾಳು ಬಿಟ್ಟ ನೆಲದಲ್ಲಿ. ಅದೂ ಮೊದಲ ವರ್ಷವೇ. ಎಲೆಗೊಬ್ಬರ, ಬೂದಿ, ಸಡಿಲ ಮಣ್ಣು ಎಲ್ಲ ಇರುವಾಗ ಯಾಮ್‌ಗೆ ಮೊದಲ ಪಂಕ್ತಿ. ಆಮೇಲೆ ಜೋಳ, ನೆಲಗಡಲೆ. ಮಣ್ಣು ಸೋತ ಮೇಲೆ ಕೊನೆಗೆ ಮರಗೆಣಸು. ತಲೆಮಾರುಗಳಿಂದ ನಡೆದು ಬಂದ ಕ್ರಮ ಅದು. ಈಗ ಜನ ಜಾಸ್ತಿಯಾದರು, ಪಾಳು ಬಿಡುವ ವರ್ಷಗಳು ಕಡಿಮೆಯಾದವು. ಯಾಮ್ ಸೋತ ಮಣ್ಣಿಗೇ ಬಂದು ನಿಂತಿತು. ಸರಾಸರಿ ಇಳುವರಿ ಹೆಕ್ಟೇರಿಗೆ ಹತ್ತು ಟನ್ ದಾಟುವುದೇ ಅಲ್ಲಿ ಕಷ್ಟ.

ಹಾಗಾಗಿ ಬಡ ಮಣ್ಣಿನಲ್ಲಿ ಯಾಮ್ ಬೆಳೆಯುವುದು ಹೇಗೆ ಅನ್ನುವುದು ನಮ್ಮೊಬ್ಬರ ತಲೆನೋವಲ್ಲ. ನೈಜೀರಿಯಾದ ಇಬಾದಾನ್‌ನಲ್ಲಿ 1967ರಿಂದ ಇರುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆ, ಅದೇ ಐಐಟಿಎ, ಇದರ ಬೆನ್ನು ಹತ್ತಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು ಐವರಿ ಕೋಸ್ಟ್, ಬುರ್ಕಿನಾ ಫಾಸೋದ ರೈತರ ಜೊತೆ ಕೆಲಸ ಮಾಡಿದ್ದಾರೆ. ನಮ್ಮ ಹತ್ತಿರದಲ್ಲಿ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಕೇಂದ್ರ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. 1963ರಲ್ಲಿ ಶುರುವಾದದ್ದು. ಅವರ ಸುತ್ತಲಿನ ಮಣ್ಣೂ ನಮ್ಮ ಹಾಗೇ ಮುರಕಲ್ಲಿನದು. ಅದು ನಮಗೆ ದೊಡ್ಡ ಅನುಕೂಲ.

ಸರಿ, ನಮ್ಮ ಮಣ್ಣಿಗೆ ಬರೋಣ. "ಸಾರ ಇಲ್ಲ" ಅಂತ ಸುಮ್ನೆ ಹೇಳಿಬಿಡುತ್ತೇವೆ. ಏನು ಇಲ್ಲ ಅಂತ ಬಿಡಿಸಿ ನೋಡಬೇಕು.

ಒಂದು, ಆಳ ಇಲ್ಲ. ಅರ್ಧ ಅಡಿ ಅಗೆದರೆ ಹಾರೆ ಟಣ್ ಅನ್ನುತ್ತದೆ. ಎರಡು, ಮಣ್ಣು ಹುಳಿ. ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ಸೇರಿ ರಂಜಕವನ್ನು ಹಿಡಿದು ಕೂರುತ್ತವೆ. ನೀವು ಹಾಕಿದ ರಂಜಕವೂ ಗಿಡಕ್ಕೆ ಪೂರ್ತಿ ಸಿಗುವುದಿಲ್ಲ. ಮೂರು, ನಮ್ಮ ಮಳೆ. ಮೂರು-ನಾಲ್ಕು ಸಾವಿರ ಮಿಲಿಮೀಟರ್ ಸುರಿಯುವಾಗ ಪೊಟ್ಯಾಷ್, ಮೆಗ್ನೀಸಿಯಂ, ಸುಣ್ಣದಂಶ ಎಲ್ಲ ತೊಳೆದು ಹೊಳೆ ಸೇರುತ್ತವೆ.

ನಾಲ್ಕನೆಯದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈ ಮಣ್ಣು ನೀರು ಹಿಡಿಯುವುದಿಲ್ಲ. ಹೆಗ್ಗೆಣಸಿನ ಲೆಕ್ಕ ನೋಡಿ. ಏಪ್ರಿಲ್‌ನಲ್ಲಿ ನೆಡುತ್ತೀರಿ. ಜೂನ್, ಜುಲೈನಲ್ಲಿ ಬಳ್ಳಿ ಹಬ್ಬುತ್ತದೆ. ಗೆಡ್ಡೆ ಜೋರಾಗಿ ತುಂಬುವುದು ಆಗಸ್ಟ್ ಕಳೆದ ಮೇಲೆ, ನವೆಂಬರ್‌ವರೆಗೂ. ನಮ್ಮ ಮಳೆ ಯಾವಾಗ ನಿಲ್ಲುತ್ತದೆ? ಅಕ್ಟೋಬರ್‌ನಲ್ಲಿ. ಗೆಡ್ಡೆಗೆ ಹಸಿವು ಜಾಸ್ತಿಯಾದ ಹೊತ್ತಿಗೆ ಮಣ್ಣು ಒಣಗಿರುತ್ತದೆ. ಒಣಗಿದ ಮಣ್ಣಿನಲ್ಲಿ ಗೊಬ್ಬರ ಇದ್ದರೂ ಬೇರು ಹೀರಲಾರದು. ಆಗ ನಾವು "ಸಾರ ಸಾಲಲಿಲ್ಲ" ಅನ್ನುತ್ತೇವೆ. ಸಾಲದೆ ಹೋದದ್ದು ನೀರು.

ಬಯಲುಸೀಮೆಯವರು ಇಲ್ಲಿ ಯಾರಾದರೂ ಇದ್ದರೆ, ನಿಮ್ಮ ಕೆಂಪು ಮರಳು ಮಣ್ಣಿನಲ್ಲಿ ಆಳದ ತೊಂದರೆ ಕಡಿಮೆ, ನೀರಿನದು ಜಾಸ್ತಿ. ಕೊನೆಯ ಎರಡು ತಿಂಗಳು ನೀರು ಕೊಡಲು ಆಗುವುದಾದರೆ ಮಾತ್ರ ಇದಕ್ಕೆ ಕೈ ಹಾಕಿ.

ಈಗ ತಳಿ. ಮೂರು ಜಾತಿಗಳಲ್ಲಿ ಬಡ ಮಣ್ಣಿಗೆ ಹೆಚ್ಚು ಹೊಂದಿಕೊಳ್ಳುವುದು ಹೆಗ್ಗೆಣಸು. ಬಿಳಿ ಯಾಮ್ ರುಚಿಯಲ್ಲಿ, ಹಿಟ್ಟಿನಲ್ಲಿ ಮೇಲು. ಆದರೆ ನಾಜೂಕು. ಐವರಿ ಕೋಸ್ಟ್‌ನಲ್ಲಿ ಎರಡನ್ನೂ ಕಾಡಂಚಿನ ಒಳ್ಳೆಯ ಮಣ್ಣಿನಲ್ಲೂ ಹುಲ್ಲುಗಾವಲಿನ ಬಡ ಮಣ್ಣಿನಲ್ಲೂ ಬೆಳೆದು ನೋಡಿದಾಗ ಹೆಗ್ಗೆಣಸಿನದ್ದೇ ಮೇಲುಗೈ. ಆಫ್ರಿಕಾದ ರೈತರಿಗೆ ಇದು ಮೊದಲೇ ಗೊತ್ತಿತ್ತು. ಹೊಸ ನೆಲಕ್ಕೆ ಬಿಳಿ ಯಾಮ್ ಹಾಕಿ, ಹೆಗ್ಗೆಣಸನ್ನು ಸ್ವಲ್ಪ ಸೋತ ನೆಲಕ್ಕೆ ಇಡುವವರು ಅಲ್ಲಿ ಬಹಳ. ಮುಳ್ಳುಗೆಣಸು ಇವೆರಡರ ನಡುವೆ. ಅದರ ಗೆಡ್ಡೆ ಚಿಕ್ಕದು, ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ ತೆಳು ಮಣ್ಣಿನ ಜಾಗಕ್ಕೆ ಅದು ನನಗಿಷ್ಟ. ಇಳುವರಿ ಕಡಿಮೆ, ಆದರೆ ಕಲ್ಲಿಗೆ ತಾಗಿ ವಕ್ರವಾಗುವ ರಗಳೆ ಇಲ್ಲ.

ಶ್ರೀಕಾರ್ಯಂನಿಂದ ಬಿಡುಗಡೆಯಾದ ತಳಿಗಳು ನಿಮಗೆ ಗೊತ್ತಿರಬಹುದು. ಹೆಗ್ಗೆಣಸಿನಲ್ಲಿ ಶ್ರೀ ಕೀರ್ತಿ, ಶ್ರೀ ರೂಪ, ಶ್ರೀ ಶಿಲ್ಪ, ಶ್ರೀ ಕಾರ್ತಿಕ. ನೇರಳೆ ಬೇಕೆನ್ನುವವರಿಗೆ ಶ್ರೀ ನೀಲಿಮಾ. ಬಿಳಿ ಯಾಮ್‌ನಲ್ಲಿ ಶ್ರೀ ಶುಭ್ರ, ಶ್ರೀ ಪ್ರಿಯ, ಮತ್ತೆ ಆಸರೆ ಕೊಡದೆ ಬೆಳೆಯಬಹುದಾದ ಗಿಡ್ಡ ತಳಿ ಶ್ರೀ ಧನ್ಯ. ಮುಳ್ಳುಗೆಣಸಿನಲ್ಲಿ ಶ್ರೀ ಲತಾ, ಶ್ರೀ ಕಲಾ. ಒಳ್ಳೆಯ ತಳಿಗಳೇ. ಆದರೆ ಒಂದು ಮಾತು ನೆನಪಿಡಿ. ಚೀಟಿಯಲ್ಲಿ ಬರೆದಿರುವ ಇಳುವರಿ, ಶಿಫಾರಸು ಮಾಡಿದ ಗೊಬ್ಬರ ಕೊಟ್ಟು ಬೆಳೆದ ತಾಕಿನದು. ನಿಮ್ಮ ಗುಡ್ಡೆಯಲ್ಲಿ ಅದೇ ತಳಿ ಮೊದಲನೆಯದಾಗಿ ನಿಲ್ಲಬೇಕು ಅಂತ ಇಲ್ಲ.

ಇದು ನನ್ನ ಅನುಮಾನ ಮಾತ್ರ ಅಲ್ಲ. ಐಐಟಿಎಯವರು 2021ರಲ್ಲಿ ಇದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದರು. ಬಿಳಿ ಯಾಮ್‌ನ ಬೇರೆ ಬೇರೆ ತಳಿಗಳನ್ನು ಸಾರವಿಲ್ಲದ ಮಣ್ಣಿನಲ್ಲಿ, ಗೊಬ್ಬರ ಹಾಕದೆಯೂ ಹಾಕಿಯೂ ಬೆಳೆದರು. ಎಲ್ಲವೂ ಒಂದೇ ಥರ ನಡೆದುಕೊಳ್ಳಲಿಲ್ಲ. ಬಡ ಮಣ್ಣನ್ನು ಸಹಿಸುವುದೇ ಬೇರೆ ಗುಣ, ಗೊಬ್ಬರಕ್ಕೆ ಸ್ಪಂದಿಸುವುದೇ ಬೇರೆ ಗುಣ. ಎರಡೂ ಒಂದೇ ತಳಿಯಲ್ಲಿ ಇರಲೇಬೇಕು ಅಂತ ಇಲ್ಲ. ನಮ್ಮಲ್ಲಿ ತಳಿ ಆರಿಸುವಾಗ ಎರಡನೆಯ ಗುಣ ನೋಡಿ ಆರಿಸುತ್ತೇವೆ, ಮೊದಲನೆಯದು ಇರಬೇಕಾದ ಜಾಗಕ್ಕೆ ಒಯ್ದು ನೆಡುತ್ತೇವೆ. ಆಮೇಲೆ ತಳಿಯನ್ನು ಬೈಯುತ್ತೇವೆ.

ಅದಕ್ಕೇ ಊರಿನ ತಳಿಗಳನ್ನು ಬಿಡಬೇಡಿ ಅನ್ನುವುದು. ಜೋಯಿಡಾದ ಗೆಡ್ಡೆ-ಗೆಣಸು ಮೇಳಕ್ಕೆ ಹೋದವರು ನೋಡಿರುತ್ತೀರಿ, ಒಬ್ಬೊಬ್ಬರ ಬುಟ್ಟಿಯಲ್ಲಿ ಒಂದೊಂದು ಆಕಾರ. ಉದ್ದದ್ದು, ಉಂಡೆಯದು, ಕೈಬೆರಳಿನ ಹಾಗೆ ಸೀಳಿದ್ದು. ಆಕಾರ ಬರೀ ಚಂದಕ್ಕಲ್ಲ. ಉದ್ದ ಇಳಿಯುವ ಗೆಡ್ಡೆಗೆ ಆಳದ ಮಣ್ಣು ಬೇಕು. ಮುರಕಲ್ಲಿನವರು ಉಂಡೆ ಆಕಾರದ್ದು, ಗಿಡ್ಡ ಗೆಡ್ಡೆಯದ್ದು ಹುಡುಕಬೇಕು. ಅಗೆಯುವ ಕೂಲಿಯೂ ಉಳಿಯುತ್ತದೆ.

ನೀವೇ ಪರೀಕ್ಷೆ ಮಾಡುವುದು ಕಷ್ಟವಲ್ಲ. ಮೂರು-ನಾಲ್ಕು ತಳಿ ತನ್ನಿ. ಒಂದೊಂದಕ್ಕೆ ಹತ್ತು ಗುಂಡಿ ಗೊಬ್ಬರ ಹಾಕಿದ್ದು, ಹತ್ತು ಗುಂಡಿ ಹಾಕದ್ದು. ಬೀಜದ ತುಂಡಿನ ತೂಕ ಮಾತ್ರ ಎಲ್ಲಕ್ಕೂ ಒಂದೇ ಇರಲಿ. ಇಲ್ಲದಿದ್ದರೆ ಪರೀಕ್ಷೆ ಹಾಳು. ಕೀಳುವಾಗ ತಕ್ಕಡಿ ಇಟ್ಟು ಬರೆದುಕೊಳ್ಳಿ. ಎರಡು ವರ್ಷ ಮಾಡಿದರೆ ಯಾವ ವಿಜ್ಞಾನಿಯೂ ಹೇಳಲಾರದ ಉತ್ತರ ನಿಮ್ಮ ಕೈಯಲ್ಲಿರುತ್ತದೆ.

ಇನ್ನೊಂದು ಎಚ್ಚರಿಕೆ. ಬಳ್ಳಿ ಸೊರಗಿದ್ದಕ್ಕೆಲ್ಲ ಮಣ್ಣೇ ಕಾರಣ ಅಲ್ಲ. ಎಲೆಯಲ್ಲಿ ಹಸಿರು-ಹಳದಿ ಚಿತ್ತಾರ, ಎಲೆ ಸಣ್ಣದಾಗುವುದು, ಸುಕ್ಕುವುದು ಕಂಡರೆ ಅದು ಮೊಸಾಯಿಕ್ ನಂಜು. ಬೀಜದ ಗೆಡ್ಡೆಯಲ್ಲೇ ಬರುತ್ತದೆ, ವರ್ಷ ವರ್ಷ ಜಾಸ್ತಿಯಾಗುತ್ತದೆ. ಅಂಥ ಬಳ್ಳಿಗೆ ಗುರುತು ಹಾಕಿ ಇಡಿ, ಅದರ ಗೆಡ್ಡೆ ಅಡುಗೆಗೆ ಹೋಗಲಿ, ಬೀಜಕ್ಕೆ ಬೇಡ. ಕೀಳುವ ಹೊತ್ತಿಗೆ ಎಲೆ ಉದುರಿರುತ್ತದೆ, ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಮಳೆಗಾಲದಲ್ಲೇ ಗುರುತು ಮಾಡಬೇಕು.

ಈಗ ಬೀಜದ ತುಂಡು. ನನ್ನ ಲೆಕ್ಕದಲ್ಲಿ ಬಡ ಮಣ್ಣಿನಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ. ನೆಟ್ಟ ತುಂಡು ಬಳ್ಳಿಗೆ ಕಟ್ಟಿಕೊಟ್ಟ ಬುತ್ತಿ ಇದ್ದ ಹಾಗೆ. ಮೊಳಕೆ ಬಂದು, ಬಳ್ಳಿ ಆಳೆತ್ತರ ಏರಿ, ಎಲೆ ಬಿಚ್ಚುವವರೆಗೆ ಅದೇ ಊಟ. ಒಂದೂವರೆ-ಎರಡು ತಿಂಗಳು ಮಣ್ಣಿನ ಹಂಗು ಬಹಳ ಕಡಿಮೆ. ಒಳ್ಳೆಯ ಮಣ್ಣಿನಲ್ಲಿ ಬುತ್ತಿ ಚಿಕ್ಕದಾದರೂ ನಡೆಯುತ್ತದೆ, ಬೇಗ ಬೇರು ಬಿಟ್ಟು ದುಡಿದುಕೊಳ್ಳುತ್ತದೆ. ಬಡ ಮಣ್ಣಿನಲ್ಲಿ ನಡೆಯುವುದಿಲ್ಲ.

ಹೆಗ್ಗೆಣಸಿಗೆ ಶಿಫಾರಸು 250ರಿಂದ 300 ಗ್ರಾಂ. ಮುಳ್ಳುಗೆಣಸಿಗೆ 100ರಿಂದ 150 ಗ್ರಾಂನ ಇಡೀ ಗೆಡ್ಡೆ. ನಾನಾದರೆ ಗುಡ್ಡೆಗೆ 300 ಗ್ರಾಂಗಿಂತ ಕಡಿಮೆ ಹಾಕುವುದಿಲ್ಲ. 25-30 ಗ್ರಾಂನ ಚಿಕ್ಕ ತುಂಡು ನೆಡುವ ಮಿನಿಸೆಟ್ ವಿಧಾನ ಕೇಳಿರುತ್ತೀರಿ. ನೈಜೀರಿಯಾದಲ್ಲಿ ಹುಟ್ಟಿದ್ದು, ಬೀಜ ಹೆಚ್ಚಿಸಲು ಬಹಳ ಒಳ್ಳೆಯದು. ಅದನ್ನು ಮನೆ ಹತ್ತಿರ, ನೀರು ಗೊಬ್ಬರ ಸಿಗುವ ಪಾತಿಯಲ್ಲಿ ಮಾಡಿ. ಅಲ್ಲಿ ಬೆಳೆದ ಚಿಕ್ಕ ಗೆಡ್ಡೆ ಮುಂದಿನ ವರ್ಷ ಗುಡ್ಡೆಗೆ ಹೋಗಲಿ. ನೇರ ಗುಡ್ಡೆಗೆ ಮಿನಿಸೆಟ್ ಒಯ್ಯಬೇಡಿ.

ಖರ್ಚಿನ ಲೆಕ್ಕವೂ ನೋಡಿ. ಮೀಟರಿಗೊಂದು ಗುಂಡಿ ಅಂದರೆ ಎಕರೆಗೆ 4,000. ಗುಂಡಿಗೆ ಕಾಲು ಕೆಜಿ ಅಂದರೂ ಒಂದು ಟನ್ ಬೀಜ. ಗಿಡಕ್ಕೆ ಎರಡು ಕೆಜಿ ಬಂದರೆ ಎಂಟು ಟನ್, ಅದರಲ್ಲಿ ಒಂದು ಟನ್ ಮತ್ತೆ ಬೀಜಕ್ಕೆ. ಬೀಜ ದುಡ್ಡು ಕೊಟ್ಟು ತಂದು ಮೊದಲ ವರ್ಷವೇ ಎಕರೆಗಟ್ಟಲೆ ಹಾಕುವವರನ್ನು ನೋಡಿದರೆ ನನಗೆ ಭಯವಾಗುತ್ತದೆ. ಐವತ್ತು ಗುಂಡಿಯಿಂದ ಶುರು ಮಾಡಿ.

ತುಂಡು ಮಾಡುವಾಗ ತಲೆ ಕಡೆಯದ್ದು ಬೇಗ ಮೊಳೆಯುತ್ತದೆ, ಬಾಲದ್ದು ತಡ. ಎರಡನ್ನೂ ಕಲಸಿ ನೆಟ್ಟರೆ ಸಾಲು ಏರುಪೇರಾಗುತ್ತದೆ. ಬೇರೆ ಬೇರೆ ಇಡಿ. ಕತ್ತರಿಸಿದ ಮುಖಕ್ಕೆ ಬೂದಿ ಒತ್ತಿ, ನೆರಳಲ್ಲಿ ಆರಿಸಿ ನೆಡಿ.

ಗುಂಡಿ. ಪುಸ್ತಕದ ಪ್ರಕಾರ ಉದ್ದ, ಅಗಲ, ಆಳ ಮೂರೂ 45 ಸೆಂಟಿಮೀಟರ್, ಅಂದರೆ ಒಂದೂವರೆ ಅಡಿ. ಮುಕ್ಕಾಲು ಭಾಗ ಮೇಲ್ಮಣ್ಣು, ಒಂದು-ಒಂದೂಕಾಲು ಕೆಜಿ ಹಟ್ಟಿಗೊಬ್ಬರ ಕಲಸಿ ತುಂಬುವುದು. ಮಣ್ಣಿದ್ದವರಿಗೆ ಇದು ಸರಿ. ಮುರಕಲ್ಲಿನಲ್ಲಿ ಪಿಕ್ಕಾಸು ಹಿಡಿದು ಒಂದೂವರೆ ಅಡಿ ಕೊರೆದರೆ ಏನಾಗುತ್ತದೆ? ಜೂನ್‌ನಲ್ಲಿ ಅದು ಬಾವಿ. ನೀರು ಇಳಿಯುವುದಿಲ್ಲ, ತುಂಡು ಕೊಳೆಯುತ್ತದೆ. ಹಾಗಾಗಿ ಗಟ್ಟಿ ಜಾಗದಲ್ಲಿ ಕೆಳಗೆ ಹೋಗುವುದಕ್ಕಿಂತ ಮೇಲೆ ಬನ್ನಿ. ಸಿಕ್ಕಿದಷ್ಟು ಆಳ ಅಗೆದು, ಸುತ್ತಲಿನ ಮೇಲ್ಮಣ್ಣು ಕೆರೆದು ಅದರ ಮೇಲೆ ಒಂದು-ಒಂದೂವರೆ ಅಡಿ ದಿಬ್ಬ ಮಾಡಿ. ಆಫ್ರಿಕಾದಲ್ಲೂ ದಿಬ್ಬದ ಮೇಲೇ ನೆಡುವುದು, ಕೆಲವು ಕಡೆ ಅವು ಸೊಂಟದೆತ್ತರ ಇರುತ್ತವೆ. ಸಡಿಲ ಮಣ್ಣು ಇದ್ದಷ್ಟು ಗೆಡ್ಡೆ.

ದಿಬ್ಬದ ಹೊಟ್ಟೆಯಲ್ಲಿ ಏನಿರಬೇಕು? ನಮ್ಮ ಹಿರಿಯರು ಸುಡುಮಣ್ಣು ಹಾಕುತ್ತಿದ್ದರು. ಅದರಲ್ಲಿ ಅರ್ಥ ಇದೆ. ಸುಟ್ಟ ಮಣ್ಣು ಸಡಿಲ, ಬೂದಿಯ ಪೊಟ್ಯಾಷ್ ಸೇರಿರುತ್ತದೆ, ಹುಳಿಯೂ ಸ್ವಲ್ಪ ತಗ್ಗುತ್ತದೆ. ಆದರೆ ಸುಡುವಾಗ ಸಾರಜನಕ ಹೊಗೆಯಾಗಿ ಹೋಗುತ್ತದೆ, ತರಗೆಲೆಯೂ ಹೋಗುತ್ತದೆ. ನನ್ನ ಸಲಹೆ: ಸುಡುಮಣ್ಣು ದಿಬ್ಬಕ್ಕೆ ಒಂದು ಬುಟ್ಟಿ ಸಾಕು. ಉಳಿದ ದರಕನ್ನು, ಅಂದರೆ ತರಗೆಲೆಯನ್ನು, ಸುಡದೆ ಮೇಲೆ ಹೊದಿಸಿ. ನೆಟ್ಟ ದಿನವೇ ಒಂದು ಹೊದಿಕೆ, ಮೊಳಕೆಗೆ ತಂಪಾಗಿರುತ್ತದೆ. ಸೆಪ್ಟೆಂಬರ್‌ನಲ್ಲಿ ಮತ್ತೊಂದು, ದಪ್ಪಗೆ. ಈ ಎರಡನೆಯದನ್ನು ಯಾರೂ ಮಾಡುವುದಿಲ್ಲ. ಮಳೆ ನಿಂತ ಮೇಲೆ ಗೆಡ್ಡೆ ತುಂಬುವ ಹೊತ್ತಿನಲ್ಲಿ ತೇವ ಉಳಿಸುವುದು ಅದೇ.

ಇಷ್ಟಾದ ಮೇಲೆ ಗೊಬ್ಬರ. ಕೇರಳದ ಶಿಫಾರಸು ಹೆಕ್ಟೇರಿಗೆ ಹಟ್ಟಿಗೊಬ್ಬರ 10ರಿಂದ 15 ಟನ್, ಜೊತೆಗೆ ಸಾರಜನಕ 80, ರಂಜಕ 60, ಪೊಟ್ಯಾಷ್ 80 ಕೆಜಿ. ನಮ್ಮ ಎಕರೆಗೆ ಇಳಿಸಿದರೆ 32, 24, 32 ಕೆಜಿ. ಇದು ಎಲ್ಲಿಂದ ಬಂತು ಅಂತ ನೋಡೋಣ. ಒಂದು ಟನ್ ಹಸಿ ಗೆಡ್ಡೆ ಮಣ್ಣಿನಿಂದ ಸುಮಾರು 3ರಿಂದ 4 ಕೆಜಿ ಸಾರಜನಕ, ಹೆಚ್ಚುಕಡಿಮೆ ಅಷ್ಟೇ ಪೊಟ್ಯಾಷ್ ಒಯ್ಯುತ್ತದೆ. ರಂಜಕ ಅರ್ಧ ಕೆಜಿಯೂ ಇಲ್ಲ. ಎಂಟು ಟನ್ ತೆಗೆದರೆ ಸಾರಜನಕ, ಪೊಟ್ಯಾಷ್ ಎರಡೂ ಮೂವತ್ತು ಕೆಜಿ ಹತ್ತಿರ. ಅಂದರೆ ಶಿಫಾರಸು ಅನ್ನುವುದು ಹೆಚ್ಚುಕಡಿಮೆ ನೀವು ಗಾಡಿಗೆ ತುಂಬಿ ಪೇಟೆಗೆ ಕಳಿಸಿದ್ದನ್ನು ಮಣ್ಣಿಗೆ ವಾಪಸ್ ಕೊಡುವುದು. ರಂಜಕ ಮಾತ್ರ ಲೆಕ್ಕಕ್ಕಿಂತ ಜಾಸ್ತಿ ಇದೆ. ಆಗಲೇ ಹೇಳಿದೆನಲ್ಲ, ನಮ್ಮ ಮಣ್ಣು ಅದನ್ನು ಹಿಡಿದು ಕೂರುತ್ತದೆ. ಹುಳಿ ಮಣ್ಣಿಗೆ ರಾಕ್ ಫಾಸ್ಫೇಟ್ ಸಾಕು, ಅದು ಅಗ್ಗ, ನಿಧಾನವಾಗಿ ಕರಗುತ್ತದೆ.

ರಾಸಾಯನಿಕ ಹಾಕುವುದಿಲ್ಲ ಅನ್ನುವವರಿಗೂ ಲೆಕ್ಕ ಅದೇ. ನೂರು ಕೆಜಿ ಹಟ್ಟಿಗೊಬ್ಬರದಲ್ಲಿ ಸಾರಜನಕ ಅರ್ಧ ಕೆಜಿ ಇದ್ದರೆ ಹೆಚ್ಚು. ಗುಂಡಿಗೆ ಒಂದು ಕೆಜಿಯಂತೆ ಎಕರೆಗೆ ನಾಲ್ಕು ಟನ್ ಹಾಕಿದರೆ 20 ಕೆಜಿ. ಅದೂ ಮೊದಲ ವರ್ಷ ಪೂರ್ತಿ ಬಿಡುಗಡೆಯಾಗುವುದಿಲ್ಲ. ಕೊರತೆ ತುಂಬಲು ಗೊಬ್ಬರಗಿಡದ (ಗ್ಲಿರಿಸಿಡಿಯಾ) ಸೊಪ್ಪು, ಬೂದಿ ಬೇಕೇ ಬೇಕು. ಬೂದಿಯಲ್ಲಿ ಸಾರಜನಕ ಇಲ್ಲ, ಸೊಪ್ಪಿನಲ್ಲಿದೆ. ಒಂದರ ಬದಲು ಇನ್ನೊಂದು ಆಗುವುದಿಲ್ಲ. "ಏನೂ ಹಾಕದೆ ಸಹಜ" ಅಂತ ಮೂರು ವರ್ಷ ಅದೇ ಜಾಗದಿಂದ ಗೆಡ್ಡೆ ಕಿತ್ತರೆ ಅದಕ್ಕೆ ನಾನು ಸಹಜ ಅನ್ನುವುದಿಲ್ಲ.

ಯಾವಾಗ ಹಾಕಬೇಕು? ಮೊಳಕೆ ಬಂದ ವಾರದಲ್ಲಿ ಅರ್ಧ ಸಾರಜನಕ, ಅರ್ಧ ಪೊಟ್ಯಾಷ್, ರಂಜಕ ಪೂರ್ತಿ. ಉಳಿದದ್ದು ಒಂದು ತಿಂಗಳ ಮೇಲೆ, ಕಳೆ ಕಿತ್ತು ಮಣ್ಣು ಏರಿಸುವಾಗ. ಬೇರು ಮೇಲ್ಗಡೆ ಒಂದಡಿಯಲ್ಲೇ ಹರಡಿರುತ್ತದೆ. ಗುದ್ದಲಿ ಹಗುರವಾಗಿ ಆಡಿಸಿ. ಹಳೆಯ ಎಲೆಯ ಅಂಚು ಸುಟ್ಟಂತೆ ಕಂದಾದರೆ ಪೊಟ್ಯಾಷ್ ಕೊರತೆ ಇರಬಹುದು. ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ. ನಮ್ಮ ಕಡೆ ಎರಡೂ ಕಾಣುತ್ತೇವೆ.

ಮಣ್ಣಿನೊಳಗಿನ ಸಹಾಯಕರ ಬಗ್ಗೆ ಎರಡು ಮಾತು. ಯಾಮ್‌ನ ಬೇರಿನ ಜೊತೆ ಮೈಕೊರೈಜಾ ಶಿಲೀಂಧ್ರ ಸೇರಿಕೊಂಡು, ಬೇರು ಮುಟ್ಟದ ಕಡೆಯಿಂದ ರಂಜಕ ತಂದುಕೊಡುತ್ತದೆ. ರಂಜಕ ಸಿಕ್ಕದ ಮಣ್ಣಿನಲ್ಲಿ ಇದು ದೊಡ್ಡ ಉಪಕಾರ. ಇನ್ನೊಂದು ಸ್ವಾರಸ್ಯದ್ದು. ಟೋಕಿಯೊ ಕೃಷಿ ವಿಶ್ವವಿದ್ಯಾಲಯದವರು ಗೊಬ್ಬರ ಹಾಕದ ಹೆಗ್ಗೆಣಸಿನ ಸಾರಜನಕ ಎಲ್ಲಿಂದ ಬಂತು ಅಂತ ಹುಡುಕಿದರು. ಒಂದು ಪಾಲು ಗಾಳಿಯಿಂದ, ಗಿಡದೊಳಗೇ ಇರುವ ಬ್ಯಾಕ್ಟೀರಿಯಾದ ಮೂಲಕ ಬಂದಿದೆ ಅಂತ ಅವರ ವರದಿ. ದ್ವಿದಳ ಧಾನ್ಯದ ಬೇರಿನಲ್ಲಿ ಗಂಟು ಇರುತ್ತದಲ್ಲ, ಅಂಥ ಗಂಟು ಇದರಲ್ಲಿಲ್ಲ. ಹೆಗ್ಗೆಣಸು ಬಡ ಮಣ್ಣಿನಲ್ಲೂ ನಿಲ್ಲುವುದಕ್ಕೆ ಇದೂ ಒಂದು ಕಾರಣ ಇರಬಹುದು. ಆದರೆ ಇದನ್ನು ಕೇಳಿಕೊಂಡು ನಾಳೆ ಯಾರಾದರೂ ಬಾಟಲಿಯಲ್ಲಿ "ಗೆಣಸು ಬ್ಯಾಕ್ಟೀರಿಯಾ" ಮಾರಲು ಬಂದರೆ ದುಡ್ಡು ಕೊಡಬೇಡಿ. ದರಕು, ಹಟ್ಟಿಗೊಬ್ಬರ ಇದ್ದ ಕಡೆ ಇಂಥ ಜೀವಿಗಳು ತಾವೇ ಬರುತ್ತವೆ.

ಆಸರೆಗೆ ಒಣ ಕೋಲು ಹುಡುಕುವ ಬದಲು ಗೊಬ್ಬರಗಿಡದ ಕೋಲು ನೆಡಿ. ಬಳ್ಳಿಗೆ ಆಸರೆ, ಸವರಿದ ಸೊಪ್ಪು ದಿಬ್ಬಕ್ಕೆ. ಘಾನಾದಲ್ಲಿ ತೊಗರಿ ಸಾಲುಗಳ ನಡುವೆ ಯಾಮ್ ಹಾಕುವುದನ್ನು ರೈತರ ಹೊಲದಲ್ಲಿ ಮಾಡಿ ನೋಡಿದ್ದಾರೆ. ತೊಗರಿ ಕಡ್ಡಿಯೇ ಆಸರೆ, ತೊಗರಿ ಎಲೆಯೇ ಗೊಬ್ಬರ. ಬಳ್ಳಿಯನ್ನು ನೆಲದಲ್ಲಿ ಹರಿಯಬಿಟ್ಟರೆ ನಮ್ಮ ಮಳೆಗೆ ಎಲೆಚುಕ್ಕೆ ರೋಗ ಹತ್ತಿ ಕಪ್ಪಾಗುತ್ತದೆ. ಹೆಗ್ಗೆಣಸಿಗೆ ಆ ರೋಗದ ಭಯ ಜಾಸ್ತಿ.

ನನ್ನ ಮಾತು ಇಷ್ಟು. ಈಗ ನೀವು ಕೇಳಿ.

ಒಬ್ಬರು: ನಾನು ಆಗಸ್ಟ್‌ನಲ್ಲೂ ಯೂರಿಯಾ ಕೊಟ್ಟೆ. ಬಳ್ಳಿ ಮರದ ತುದಿ ಮುಟ್ಟಿತು. ಗೆಡ್ಡೆ ಮಾತ್ರ ಮುಷ್ಟಿಯಷ್ಟು. ಯಾಕೆ ಸರ್?

— ತಡವಾಗಿ ಕೊಟ್ಟ ಸಾರಜನಕ ಬಳ್ಳಿಯನ್ನೇ ಬೆಳೆಸುತ್ತದೆ. ಗೆಡ್ಡೆಗೆ ಇಳಿಯಬೇಕಾದದ್ದು ಎಲೆಗೆ ಹೋಯಿತು. ಪೊಟ್ಯಾಷ್ ಕೊಟ್ಟಿದ್ದಿರಾ? (ಇಲ್ಲ ಅಂದರು.) ಹಾಗಾದರೆ ಎರಡು ಕಾರಣ ಸೇರಿದವು. ಮುಂದಿನ ಸಲ ಜುಲೈ ಒಳಗೆ ಯೂರಿಯಾ ಮುಗಿಸಿ. ಎರಡನೆಯ ಕಂತಿನಲ್ಲಿ ಪೊಟ್ಯಾಷ್ ಬಿಡಬೇಡಿ.

ಒಬ್ಬ ಅಮ್ಮ: ತೆಂಗಿನ ಮರದ ಬುಡದಲ್ಲಿ ಹಾಕಬಹುದಾ? ಅಲ್ಲಿ ಮಣ್ಣು ಚೆನ್ನಾಗಿದೆ.

— ಬುಡಕ್ಕೆ ತೀರಾ ಹತ್ತಿರ ಬೇಡಮ್ಮ. ತೆಂಗಿನ ಬೇರಿಗೂ ಪೊಟ್ಯಾಷ್ ಬೇಕು, ಇಬ್ಬರಿಗೂ ಜಗಳವಾಗುತ್ತದೆ. ಬುಡದಿಂದ ಆರೇಳು ಅಡಿ ಬಿಟ್ಟು, ಸಾಲಿನ ನಡುವೆ ಹಾಕಿ. ಶ್ರೀ ಕೀರ್ತಿಯನ್ನು ತೆಂಗು, ಬಾಳೆಯ ನಡುವೆ ಬೆಳೆಯಬಹುದು ಅಂತಲೇ ಶಿಫಾರಸು ಇದೆ. ಬಿಸಿಲು ಬೀಳುವ ಹಳೆಯ ತೋಟ ಆದರೆ ಒಳ್ಳೆಯದು. ದಟ್ಟ ಅಡಿಕೆ ತೋಟದಲ್ಲಿ ಬಳ್ಳಿ ಬರುತ್ತದೆ, ಗೆಡ್ಡೆ ಕಡಿಮೆ.

ಯುವಕ: ಗೋಣಿಚೀಲದಲ್ಲಿ ಬೆಳೆಯುವುದನ್ನು ವಿಡಿಯೋದಲ್ಲಿ ತೋರಿಸುತ್ತಾರೆ. ಮುರಕಲ್ಲಿಗೆ ಅದೇ ಸುಲಭ ಅಲ್ವಾ?

— ಮನೆ ಖರ್ಚಿಗೆ ಹತ್ತು-ಹದಿನೈದು ಚೀಲ ಅಂದರೆ ಸರಿ. ಚೀಲಕ್ಕೆ ತುಂಬುವ ಮಣ್ಣು ಎಲ್ಲಿಂದ ತರುತ್ತೀರಿ? ಬೇರೆ ಕಡೆಯ ಮೇಲ್ಮಣ್ಣು ತಾನೇ? ಎಕರೆ ಲೆಕ್ಕದಲ್ಲಿ ಅದು ನಡೆಯುವುದಿಲ್ಲ. ಪ್ಲಾಸ್ಟಿಕ್ ಚೀಲ ಆದರೆ ಅಡಿಯಲ್ಲಿ ತೂತು ಮಾಡಿ. ಅಕ್ಟೋಬರ್ ನಂತರ ನೀರು ಹಾಕಲೇಬೇಕು, ಚೀಲ ನೆಲಕ್ಕಿಂತ ಬೇಗ ಒಣಗುತ್ತದೆ.

ಇನ್ನೊಬ್ಬರು: ಗೆಡ್ಡೆ ತೆಗೆದು ತಲೆ ಅಲ್ಲೇ ಬಿಟ್ಟರೆ ಮುಂದಿನ ವರ್ಷ ತಾನೇ ಬರುತ್ತದೆ. ನಮ್ಮ ಅಜ್ಜಿ ಹಾಗೇ ಮಾಡುತ್ತಿದ್ದರು.

— ಅಜ್ಜಿ ಬಿಡುತ್ತಿದ್ದದ್ದು ಹಿತ್ತಲಿನಲ್ಲಿ, ಬಚ್ಚಲ ನೀರು, ಬೂದಿ ಬೀಳುವ ಜಾಗದಲ್ಲಿ. ಅಲ್ಲಿ ಸರಿ. ಆಫ್ರಿಕಾದಲ್ಲೂ ಬಿಳಿ ಯಾಮ್ ಅನ್ನು ಬಳ್ಳಿ ಹಸಿರಿರುವಾಗಲೇ ಒಂದು ಸಲ ಬಿಡಿಸಿ, ತಲೆಗೆ ಮಣ್ಣು ಮುಚ್ಚಿ, ಎರಡನೆಯ ಸಲ ಬೀಜದ ಗೆಡ್ಡೆ ತೆಗೆಯುತ್ತಾರೆ. ಗುಡ್ಡೆಯಲ್ಲಿ ಮಾತ್ರ ಒಂದೇ ಗುಂಡಿಯಲ್ಲಿ ವರ್ಷ ವರ್ಷ ಬೇಡ. ಜಂತುಹುಳು ಸೇರಿಕೊಳ್ಳುತ್ತದೆ, ಬೇರು ಗಂಟಾಗುತ್ತದೆ. ಒಂದು ವರ್ಷ ಗೆಣಸು, ಆಮೇಲೆ ಎರಡು ವರ್ಷ ಈ ಹುಳು ಸುಲಭವಾಗಿ ಸೇರದ ಅಪ್ಸೆಣಬಿನಂಥ ಬೆಳೆ ಹಾಕಿ. ನಾಲ್ಕನೆಯ ವರ್ಷ ಅದೇ ಜಾಗಕ್ಕೆ ಬನ್ನಿ.

ಹಿಂದಿನ ಸಾಲಿನಿಂದ: ಇದೆಲ್ಲ ಸರಿ. ಹಂದಿಗೆ ಏನು ಮಾಡುವುದು?

— ಹಂದಿ, ಮುಳ್ಳುಹಂದಿ ಎರಡಕ್ಕೂ ನನ್ನ ಹತ್ತಿರ ಮಂತ್ರ ಇಲ್ಲ. ಗುಡ್ಡೆಯ ತುದಿಯಲ್ಲಿ ಬೇಲಿ ಇಲ್ಲದೆ ಹಾಕಬೇಡಿ. ಮನೆಯಿಂದ ಕಾಣುವ, ನಾಯಿ ಓಡಾಡುವ ಕಡೆ ಇಡಿ. ಬೇರೆ ಕಡೆ ಹಾಕಲೇಬೇಕು ಅಂದರೆ ಮೊದಲು ಬೇಲಿಯ ಖರ್ಚು ಬರೆದು, ಅದರ ಕೆಳಗೆ ಗೆಣಸಿನ ಲೆಕ್ಕ ಬರೆಯಿರಿ. ಐವತ್ತು ಗುಂಡಿಗೆ ಅಷ್ಟು ದುಡ್ಡು ಹಾಕುವುದು ಲಾಭ ಅಲ್ಲ. ಆ ವರ್ಷ ಅಂಗಳದ ಬದಿಯ ಹಲಸಿನ ಮರಕ್ಕೆ ನಾಲ್ಕು ಬಳ್ಳಿ ಹಬ್ಬಿಸಿ ಬೀಜ ಉಳಿಸಿಕೊಳ್ಳಿ.